ಹಿತ್ತಿಲ ವಿಚಾರ: ಜರೀಗಿಡದ ಚುಕ್ಕೆಗಳು

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ನೆರಳಿನಲ್ಲಿ, ದಿವಂಗತರಾದ ನಮ್ಮ ಅಕ್ಕನವರು ಮಡಿಕೇರಿಯಿಂದ ತಂದು ನೆಟ್ಟ ಜರೀಗಿಡವೊಂದುಂಟು. ಕಳೆದ ಶ್ರಾವಣದಲ್ಲಿ ಅದರ ಎಲೆಗಳಡಿಯಲ್ಲಿ ಕಂದುಬಣ್ಣದ ಚುಕ್ಕೆಗಳನ್ನು ಕಂಡು, ಕೀಟಬಾಧೆಯೆಂದು ಭ್ರಮಿಸಿ, ಅರ್ಧ ಗಿಡವನ್ನೇ ಕತ್ತರಿಸಿದೆವು. ಎಲೆಗಳು ಬಿದ್ದಿದ್ದ ಬಿಳಿಯ ಕಾಗದದ ಮೇಲೆ ಮರುದಿನ ಕಂದುಧೂಳು ಸಾಲುಸಾಲಾಗಿ ಉದುರಿರಲು, ನಮ್ಮ ಪ್ರಮಾದವು ತಿಳಿಯಿತು. ರಜ್ಜುಸರ್ಪನ್ಯಾಯವನ್ನು 30 ವರ್ಷ ಬೋಧಿಸಿದವರಿಗೇ ಈ ಗತಿ!

ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಆ ಧೂಳಿನಿಂದಲೇ ಅದರ ಸಂತಾನವೃದ್ಧಿ. ಕತ್ತಿಯಂತೆ ನೀಳವಾದ ಎಲೆಯುಳ್ಳ ನೆಫ್ರೋಲೆಪಿಸ್ ಜಾತಿಯಲ್ಲಿ ಚುಕ್ಕೆಗಳು ಕಿರುಎಲೆಯ ನಡುನರದ ಎರಡು ಕಡೆಗೂ ಸಾಲಾಗಿರುವುವು. ಹೊಳೆಯುವ ಕರಿಕಡ್ಡಿಯ ಅಡಿಯಾಂಟಮ್ ಜಾತಿಯಲ್ಲಿ (ಇದರಲ್ಲೊಂದನ್ನು ವೈದ್ಯರು ಹಂಸಪದಿಯೆನ್ನುವರು) ಅವು ಎಲೆಯ ಮಡಿಸಿದ ಅಂಚಿನಡಿಯಲ್ಲಿರುವುವು. ಶಲ್ಕಕೀಟಗಳಾದರೋ ಕ್ರಮವಿಲ್ಲದೆ ಕಡ್ಡಿಯ ಮೇಲೂ ಎಲೆಯ ಎರಡು ಮೈಗಳಲ್ಲಿಯೂ ಅಂಟಿಕೊಂಡಿರುವುವು. ಉಗುರಿನಿಂದ ಮೀಟಿದರೆ ಇಡಿಯಾಗಿ ಕಳಚುವುವು. ಜಿಗುಟುರಸವೂ ಇರುವೆಗಳೂ ಜೊತೆಗಿರುವುದುಂಟು.

ಕೀಟವೇ ಆದಲ್ಲಿ ಒದ್ದೆಬಟ್ಟೆಯಿಂದ ಒರಸತಕ್ಕದ್ದು. ತೀರ ಹತ್ತಿದ ಎಲೆಯನ್ನು ಮಾತ್ರ ತೆಗೆಯತಕ್ಕದ್ದು. ಸಾಲದಿದ್ದರೆ, ಒಂದು ಲೀಟರು ಅಂಟುವಾಳದ ತಿಳಿನೀರಿಗೆ 3 ಮಿಲಿಲೀಟರು ಬೇವಿನೆಣ್ಣೆಯನ್ನು ಕದಡಿ ಸಂಜೆಯಲ್ಲಿ ಸಿಂಪಡಿಸಬಹುದು. ಜರೀಗಿಡವು ಸುಕುಮಾರವಾದುದರಿಂದ ಮೊದಲು ಒಂದೆಲೆಗೆ ಹಚ್ಚಿ ಎರಡು ದಿನ ನೋಡುವುದು ಲೇಸು.

ಅಕ್ಕನವರ ಗಿಡವು ಈಗ ಮತ್ತೆ ಸುರುಳಿಸುರುಳಿಯಾಗಿ ಚಿಗುರುತ್ತಿದೆ. ವಾಚಕರು ಕತ್ತರಿಯನ್ನು ಹಿಡಿಯುವ ಮುನ್ನ ಒಂದೆಲೆಯನ್ನು ಕಾಗದದ ಮೇಲಿಟ್ಟು ಒಂದು ರಾತ್ರಿ ಕಾಯುವರೆಂದು ನಂಬಿರುವೆವು.