ಅಳೆಯದೆ ಸುರಿಯುವವರು

ರೀಫ್ ಟ್ಯಾಂಕ್ ಇರುವ ಮನೆಗೆ ಹೋದವರ ಕಣ್ಣು ಮೊದಲು ಗಾಜಿನೊಳಗಿನ ಹವಳದ ಮೇಲೆ ಬೀಳುತ್ತದೆ. ನಿಜವಾಗಿ ನೋಡಬೇಕಾದದ್ದು ಟ್ಯಾಂಕಿನ ಕೆಳಗಿನ ಕಪಾಟು. ಅಲ್ಲಿ ಬಾಟಲಿಗಳು ಸಾಲಾಗಿ ನಿಂತಿರುತ್ತವೆ: ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಅಯೋಡಿನ್, ವಿಟಮಿನ್, ಅಮೈನೋ ಆಮ್ಲ, ಕಲ್ಲಿಗೆ ನೇರಳೆ ಬಣ್ಣ ಬರಿಸುತ್ತೇನೆ ಎನ್ನುವ ಇನ್ನೊಂದು. ಮೂಲೆಯಲ್ಲಿ, ಧೂಳು ಹಿಡಿದು, ಅವಧಿ ಮುಗಿದ ಒಂದು ಟೆಸ್ಟ್ ಕಿಟ್. ಹವ್ಯಾಸ ಎಲ್ಲಿ ದಾರಿ ತಪ್ಪಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸುರಿಯುವುದಕ್ಕೆ ಹತ್ತು ಬಾಟಲಿ ಇವೆ, ಅಳೆಯುವುದಕ್ಕೆ ಒಂದೂ ಸರಿಯಾದ ಸಾಧನವಿಲ್ಲ.

ಹವಳ ಮತ್ತು ಕೋರಲೈನ್ ಪಾಚಿ ಬೆಳೆಯಲು ಈ ಪೂರಕಗಳು ಬೇಕೇ ಎಂಬ ಪ್ರಶ್ನೆಗೆ ಹವ್ಯಾಸಿಗಳಲ್ಲಿ ಎರಡು ಗುಂಪುಗಳಿವೆ. ಎಲ್ಲ ಬಾಟಲಿಯೂ ಬೇಕು ಎನ್ನುವವರು ಒಂದು ಕಡೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು, ಉಳಿದದ್ದೆಲ್ಲ ವ್ಯಾಪಾರ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಪ್ಪು, ಮತ್ತು ಇಬ್ಬರ ತಪ್ಪಿಗೂ ಕಾರಣ ಒಂದೇ. ತಮ್ಮ ಟ್ಯಾಂಕಿನಲ್ಲಿ ದಿನಕ್ಕೆ ಏನು ಎಷ್ಟು ಖರ್ಚಾಗುತ್ತಿದೆ ಎಂದು ಇಬ್ಬರೂ ನೋಡಿಲ್ಲ.

ಲೆಕ್ಕ ಕಷ್ಟದ್ದಲ್ಲ. ಕಲ್ಲು ಹವಳದ ಅಸ್ಥಿ ಎಂದರೆ ಕ್ಯಾಲ್ಸಿಯಂ ಕಾರ್ಬನೇಟ್, ಸುಣ್ಣದ ಕಲ್ಲು. ಅದನ್ನು ಕಟ್ಟಲು ಹವಳ ನೀರಿನಿಂದ ಎರಡು ಸಾಮಾನು ತೆಗೆದುಕೊಳ್ಳುತ್ತದೆ. ಒಂದು ಕ್ಯಾಲ್ಸಿಯಂ, ಇನ್ನೊಂದು ಬೈಕಾರ್ಬನೇಟ್. ಎರಡನೆಯದರ ಅಳತೆಯನ್ನೇ ಹವ್ಯಾಸಿಗಳು ಆಲ್ಕಲಿನಿಟಿ ಎನ್ನುತ್ತಾರೆ. ಅದರ ಮಾನ ಡಿಕೆಎಚ್. ಸಹಜ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಆಲ್ಕಲಿನಿಟಿ 7 ಡಿಕೆಎಚ್ ಆಸುಪಾಸು. ಹವಳ ಇವೆರಡನ್ನೂ ಒಂದು ಕಟ್ಟುನಿಟ್ಟಾದ ಪ್ರಮಾಣದಲ್ಲೇ ಬಳಸುತ್ತದೆ. 20 ಮಿಲಿಗ್ರಾಂ ಕ್ಯಾಲ್ಸಿಯಂ ಇಳಿದರೆ 2.8 ಡಿಕೆಎಚ್ ಆಲ್ಕಲಿನಿಟಿ ಇಳಿದಿರುತ್ತದೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕ್ಯಾಲ್ಸಿಯಂ 420ರಿಂದ 400ಕ್ಕೆ ಇಳಿಯಿತು ಎಂದರೆ ನೂರಕ್ಕೆ ಐದರಷ್ಟೂ ಕಡಿಮೆಯಾಗಿಲ್ಲ. ಅದೇ ಹೊತ್ತಿಗೆ ಆಲ್ಕಲಿನಿಟಿ 7ರಿಂದ 4.2ಕ್ಕೆ ಬಿದ್ದಿದೆ, ನೂರಕ್ಕೆ ನಲವತ್ತು ಭಾಗ ಹೋಗಿದೆ. ಹವಳ ಮೊದಲು ಬಳಲುವುದು ಇದರಿಂದ. ಆದರೆ ಅಂಗಡಿಯಲ್ಲಿ ಹೊಸಬರ ಕೈಗೆ ಮೊದಲು ಬರುವ ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ‘ಕ್ಯಾಲ್ಸಿಯಂ’. ಮೂಳೆಗೆ ಕ್ಯಾಲ್ಸಿಯಂ ಬೇಕು ಎಂದು ಹಾಲಿನ ಜಾಹೀರಾತು ನೋಡುತ್ತ ಬೆಳೆದ ತಲೆಗೆ ಆ ಪದ ಸಲೀಸಾಗಿ ಇಳಿಯುತ್ತದೆ. ಸಾಕಷ್ಟು ಇರುವುದನ್ನೇ ಇನ್ನಷ್ಟು ಸುರಿದು, ಖಾಲಿಯಾಗುತ್ತಿರುವುದನ್ನು ಮರೆಯುವ ಕೆಲಸ ಹೀಗೆ ಶುರುವಾಗುತ್ತದೆ.

‘ಪೂರಕ’ ಎಂಬ ಪದವೇ ಒಂದು ಕೊರತೆಯನ್ನು ಮೊದಲೇ ಒಪ್ಪಿಕೊಂಡಿರುತ್ತದೆ. ಪೂರೈಸಬೇಕಾದರೆ ಏನೋ ಕಡಿಮೆಯಾಗಿರಬೇಕು. ಏನು ಕಡಿಮೆ, ಎಷ್ಟು ಕಡಿಮೆ ಎಂದು ಬಾಟಲಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ‘ಇಷ್ಟು ಲೀಟರಿಗೆ ದಿನಕ್ಕೆ ಒಂದು ಮುಚ್ಚಳ’ ಎಂದು ಅದು ಆಜ್ಞೆ ಕೊಡುತ್ತದೆ. ಎರಡೇ ಎರಡು ಮೆದು ಹವಳ ಇರುವ ಟ್ಯಾಂಕಿಗೂ, ಕಲ್ಲು ಹವಳ ಕಿಕ್ಕಿರಿದಿರುವ ಟ್ಯಾಂಕಿಗೂ ಅದೇ ಮುಚ್ಚಳ.

ಈಗ ಎರಡನೇ ಗುಂಪಿನ ಮಾತು. ನೀರು ಬದಲಿಸಿದರೆ ಸಾಕು ಎನ್ನುವುದು ಮೆದು ಹವಳಗಳ ಟ್ಯಾಂಕಿನಲ್ಲಿ ನಿಜ. ಅವು ಕಲ್ಲಿನ ಅಸ್ಥಿ ಕಟ್ಟುವುದಿಲ್ಲ. ಕಲ್ಲು ಹವಳ ಚೆನ್ನಾಗಿ ಬೆಳೆಯುತ್ತಿರುವ ಟ್ಯಾಂಕಿನಲ್ಲಿ ದಿನಕ್ಕೆ 0.3 ಡಿಕೆಎಚ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ವಾರಕ್ಕೆ 2.1. ಹತ್ತರಲ್ಲೊಂದು ಭಾಗ ನೀರು ಬದಲಿಸಿದರೆ ಆ ಕೊರತೆಯ ಹತ್ತರಲ್ಲೊಂದು ಭಾಗ, ಅಂದರೆ 0.2 ಮಾತ್ರ ವಾಪಸು ಬರುತ್ತದೆ. ಉಳಿದ 1.9 ಎಲ್ಲಿಂದ ಬರಬೇಕು? ಇಂಥ ಟ್ಯಾಂಕಿಗೆ ಸುರಿಯಲೇಬೇಕು. ‘ಏನೂ ಹಾಕದೆ ಸಹಜವಾಗಿ ಸಾಕುತ್ತೇನೆ’ ಎನ್ನುವವರು ಹವಳವನ್ನು ನಿಧಾನವಾಗಿ ಉಪವಾಸ ಕೆಡವುತ್ತಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಸಹಜ ಎಂಬುದಿಲ್ಲ.

ಹಾಗಾದರೆ ಬೇಕಾದದ್ದು ಇಷ್ಟೇ: ಖರ್ಚಾದಷ್ಟು ಆಲ್ಕಲಿನಿಟಿ, ಅದಕ್ಕೆ ತಕ್ಕಷ್ಟು ಕ್ಯಾಲ್ಸಿಯಂ, ಆಗಾಗ ಮೆಗ್ನೀಷಿಯಂ ಲೀಟರಿಗೆ 1,300 ಮಿಲಿಗ್ರಾಂ ಸುತ್ತ ಇದೆಯೇ ಎಂದು ಒಂದು ನೋಟ. ಇವುಗಳ ಬೆಲೆ ಏನು? 100 ಲೀಟರ್ ನೀರಿನ ಆಲ್ಕಲಿನಿಟಿಯನ್ನು 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಸಾಕು. ಇಡ್ಲಿ ಹಿಟ್ಟಿಗೆ ಚಿಟಿಕೆ ಹಾಕುವ ಅದೇ ಸೋಡಾ. ಕ್ಯಾಲ್ಸಿಯಂಗೆ ಕ್ಯಾಲ್ಸಿಯಂ ಕ್ಲೋರೈಡ್. ಅಮೆರಿಕದ ರಸಾಯನಶಾಸ್ತ್ರಜ್ಞ ರ್‍ಯಾಂಡಿ ಹೋಮ್ಸ್-ಫಾರ್ಲಿ ಈ ಎರಡು ದ್ರಾವಣಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ವರ್ಷಗಳ ಹಿಂದೆಯೇ ಎಲ್ಲರಿಗೂ ಬರೆದುಕೊಟ್ಟಿದ್ದಾರೆ. ಅಂಗಡಿಯ ಎರಡು ಬಾಟಲಿಗಳ ಜೋಡಿಯಲ್ಲೂ ಮುಖ್ಯವಾಗಿ ಇರುವುದು ಇಂಥವೇ ಲವಣಗಳು, ಜೊತೆಗೆ ಬಹಳಷ್ಟು ನೀರು.

ಇನ್ನೂ ಹಳೆಯ ದಾರಿಯೊಂದಿದೆ. ಜರ್ಮನಿಯ ಹವ್ಯಾಸಿಗಳು ‘ಕಾಲ್ಕ್‌ವಾಸರ್’ ಎನ್ನುತ್ತಿದ್ದರು. ಜಗತ್ತಿನ ಹವ್ಯಾಸಿಗಳೆಲ್ಲ ಆ ಪದವನ್ನು ಮಂತ್ರದಂತೆ ಉಚ್ಚರಿಸುತ್ತಾರೆ. ಕನ್ನಡದಲ್ಲಿ ಹೇಳಿದರೆ ಅದು ಸುಣ್ಣದ ತಿಳಿನೀರು. ಸುಣ್ಣವನ್ನು ಶುದ್ಧ ನೀರಿನಲ್ಲಿ ಕದಡಿ, ಕೆಸರು ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ರಾತ್ರಿಯೆಲ್ಲ ಹನಿಹನಿಯಾಗಿ ಬಿಡುವುದು. 100 ಲೀಟರ್ ಟ್ಯಾಂಕಿನಲ್ಲಿ ದಿನಕ್ಕೆ ಒಂದು ಲೀಟರ್ ನೀರು ಆವಿಯಾಗುತ್ತಿದ್ದರೆ, ಅದರ ಬದಲಿಗೆ ಈ ತಿಳಿಯನ್ನೇ ತುಂಬಿದರೆ ದಿನಕ್ಕೆ ಸುಮಾರು 1 ಡಿಕೆಎಚ್ ಆಲ್ಕಲಿನಿಟಿ, ಜೊತೆಗೆ ಸರಿಯಾದ ಪ್ರಮಾಣದ ಕ್ಯಾಲ್ಸಿಯಂ ಸಿಗುತ್ತದೆ. ಎಲೆ ಅಡಿಕೆಯ ಸುಣ್ಣ ಇದಕ್ಕೆ ಬೇಡ, ಅದರಲ್ಲಿ ಏನೇನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ ಬೇಕು. ಈ ತಿಳಿಯ ಪಿಎಚ್ 12 ದಾಟುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ, ಒಮ್ಮೆಲೇ ಟ್ಯಾಂಕಿಗೆ ಸುರಿದರೆ ಮೀನಿಗೂ ಅಪಾಯ.

ಕೋರಲೈನ್‌ಗಾಗಿ ಮಾರುವ ಬಾಟಲಿಯ ಕಥೆ ಇನ್ನೂ ಸೊಗಸು. ಹೆಸರಿನಲ್ಲಿ ‘ಕೋರಲ್’ ಇದ್ದರೂ ಅದು ಹವಳವಲ್ಲ, ಕಲ್ಲಿನ ಮೇಲೆ ನೇರಳೆ ಸಿಪ್ಪೆಯಂತೆ ಹಬ್ಬುವ ಕೆಂಪು ಪಾಚಿಯ ಜಾತಿ. ಅದಕ್ಕೂ ಬೇಕಾದದ್ದು ಅದೇ ಕ್ಯಾಲ್ಸಿಯಂ, ಅದೇ ಆಲ್ಕಲಿನಿಟಿ, ಸ್ವಲ್ಪ ಮೆಗ್ನೀಷಿಯಂ, ಮಿತಿಯಲ್ಲಿರುವ ಫಾಸ್ಫೇಟ್ ಮತ್ತು ಕೆಲವು ತಿಂಗಳ ತಾಳ್ಮೆ. ಬೀಜವಿಲ್ಲದ ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದರೂ ಪೈರು ಬರುವುದಿಲ್ಲ. ಕೋರಲೈನ್ ಇಲ್ಲದ ಟ್ಯಾಂಕಿಗೆ ಅದನ್ನು ತರಬೇಕಾದದ್ದು ಇನ್ನೊಂದು ಟ್ಯಾಂಕಿನಿಂದ. ಹಳೆಯ ಟ್ಯಾಂಕ್ ಇರುವ ಗೆಳೆಯರು ಗಾಜಿನಿಂದ ಕೆರೆದು ಚೆಲ್ಲುವ ಪುಡಿಯೇ ಸಾಕು, ಪುಕ್ಕಟೆ. ಹೌದು, ಕೆರೆದು ಚೆಲ್ಲುವ ಪುಡಿ. ದುಡ್ಡು ಕೊಟ್ಟು ಬಾಟಲಿ ತಂದು ಬರಮಾಡಿಕೊಂಡ ನೇರಳೆಯನ್ನು ಎರಡು ವರ್ಷ ಕಳೆದ ಮೇಲೆ ಬ್ಲೇಡ್ ಹಿಡಿದು ಪ್ರತಿ ಭಾನುವಾರ ಗಾಜಿನಿಂದ ಕೆರೆಯುವುದು ಈ ಹವ್ಯಾಸದ ಹಣೆಬರಹ.

ಇನ್ನು ಸ್ಟ್ರಾನ್ಷಿಯಂ, ಅಯೋಡಿನ್. ಕಡಲಿನಲ್ಲಿ ಇವು ಇವೆ, ಆದ್ದರಿಂದ ಟ್ಯಾಂಕಿಗೂ ಬೇಕು ಎಂಬ ವಾದ ಕೇಳಲು ಚೆಂದ. ಕಡಲಿನಲ್ಲಿ ಯುರೇನಿಯಂ ಕೂಡ ಇದೆ. ಲೀಟರಿಗೆ ಸುಮಾರು 8 ಮಿಲಿಗ್ರಾಂ ಸ್ಟ್ರಾನ್ಷಿಯಂ, 0.06 ಮಿಲಿಗ್ರಾಂ ಅಯೋಡಿನ್ ಇರುವ ಕಡಲ ನೀರನ್ನು ಅನುಕರಿಸುವ ಉಪ್ಪನ್ನೇ ಹವ್ಯಾಸಿಗಳು ವಾರವಾರವೂ ಕರಗಿಸುತ್ತಾರೆ. ಅದರ ಮೇಲೆ ಇನ್ನಷ್ಟು ಬೇಕೋ ಬೇಡವೋ ಎಂದು ಮನೆಯ ಕಿಟ್‌ನಲ್ಲಿ ನಂಬಿಕೆಯಿಂದ ಅಳೆಯುವುದು ಕಷ್ಟ. ಅಯೋಡಿನ್ ಹೆಚ್ಚಾದರೆ ವಿಷ. ಪ್ರಯೋಗಾಲಯದ ವರದಿ ಕೈಯಲ್ಲಿಲ್ಲದೆ ಈ ಬಾಟಲಿಗಳ ಮುಚ್ಚಳ ತೆರೆಯುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಗ್ಗರಣೆ ಹಾಕಿದಂತೆ.

‘ನಾನು ಹಾಕಿದೆ, ಬೆಳೆಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೆಳೆದಿರಬಹುದು. ಹೊಸ ಬಾಟಲಿ ತಂದ ವಾರವೇ ಗಾಜು ಒರೆಸಿ, ನೀರು ಬದಲಿಸಿ, ದೀಪದ ಹೊತ್ತು ಸರಿಮಾಡಿದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಕೀರ್ತಿ ಬಾಟಲಿಗೆ, ಅಪಕೀರ್ತಿ ಮಾತ್ರ ಹವಳಕ್ಕೆ: ‘ಆ ಪೀಸೇ ಸರಿ ಇರಲಿಲ್ಲ.’

ಆ ಪೀಸ್ ಎಂದರೆ ಏನು ಎಂಬುದನ್ನು ಇಲ್ಲಿ ನೆನೆಯಬೇಕು. ಭಾರತದಲ್ಲಿ ಕಲ್ಲು ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಮತ್ತು ಆನೆಯ ಸಾಲಿನಲ್ಲಿ. ಹೊರದೇಶದ ಕಲ್ಲು ಹವಳದ ವ್ಯಾಪಾರವೂ ಸೈಟಿಸ್ ಒಪ್ಪಂದದ ಪರವಾನಗಿಗೆ ಒಳಪಟ್ಟಿದೆ. ಮನ್ನಾರ್ ಕೊಲ್ಲಿಯಿಂದ ಕದ್ದು ತಂದ ತುಂಡು ಟ್ಯಾಂಕಿನಲ್ಲಿ ಸತ್ತರೆ ನಷ್ಟವಾದದ್ದು ಕೆಲವು ಸಾವಿರ ರೂಪಾಯಿ ಮಾತ್ರವಲ್ಲ. ಅಳೆಯದೆ ಸುರಿಯುವುದರಿಂದ ಅವು ಸಾಯುತ್ತವೆ. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಮಿತಿಮೀರಿ ಏರಿಸಿದರೆ ನೀರಿನಲ್ಲೇ ಸುಣ್ಣ ಗರಣೆ ಕಟ್ಟಿ ಬಿಳಿ ಪುಡಿಯಾಗಿ ಬೀಳುತ್ತದೆ, ಪಂಪು ಹಿಡಿದುಕೊಳ್ಳುತ್ತದೆ, ಆಲ್ಕಲಿನಿಟಿ ಕುಸಿಯುತ್ತದೆ. ಸತ್ತದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ. ಬಾಟಲಿ ಮಾರುವವರಿಗೂ ಹವಳ ಮಾರುವವರಿಗೂ ಇದರಿಂದ ನಷ್ಟವಿಲ್ಲ.

ಕಡಲೇ ಒಂದು ಪಾಠ ಹೇಳಿದೆ. 1998ರಲ್ಲಿ ಲಕ್ಷದ್ವೀಪ, ಮನ್ನಾರ್ ಕೊಲ್ಲಿಗಳಲ್ಲಿ ಹವಳಗಳು ಬೆಳ್ಳಗಾಗಿ ಸತ್ತಾಗ ಸುತ್ತಲಿನ ನೀರಿನಲ್ಲಿ ಕ್ಯಾಲ್ಸಿಯಂಗೆ ಬರವಿರಲಿಲ್ಲ. ನೀರು ಬಿಸಿಯಾಗಿತ್ತು, ಅಷ್ಟೇ. ಮುಂಬೈ, ಚೆನ್ನೈಗಳ ಮೇ ತಿಂಗಳಲ್ಲಿ ಚಿಲ್ಲರ್ ಇಲ್ಲದೆ, ಟ್ಯಾಂಕರ್ ನೀರನ್ನೇ ತುಂಬುತ್ತ, ಮೇಲಿಂದ ಸ್ಟ್ರಾನ್ಷಿಯಂ ಹನಿಸುವವರು ಈ ಪಾಠವನ್ನು ಓದಿಲ್ಲ.

ಮಾಡಬೇಕಾದ ಕೆಲಸದ ಕ್ರಮ ಸರಳ. ಮೊದಲು ಲವಣಾಂಶ ನೋಡುವ ರಿಫ್ರಾಕ್ಟೋಮೀಟರ್, ಶುದ್ಧ ಆರ್‌ಒ-ಡಿಐ ನೀರು, ಬೇಸಿಗೆಗೆ ಚಿಲ್ಲರ್. ಆಮೇಲೆ ಆಲ್ಕಲಿನಿಟಿ ಮತ್ತು ಕ್ಯಾಲ್ಸಿಯಂನ ಟೆಸ್ಟ್ ಕಿಟ್. ಒಂದು ವಾರ ಏನನ್ನೂ ಹಾಕದೆ, ದಿನಾ ಒಂದೇ ಹೊತ್ತಿಗೆ ಆಲ್ಕಲಿನಿಟಿ ಅಳೆದು ಚೀಟಿಯಲ್ಲಿ ಬರೆಯುವುದು. 7ಕ್ಕಿಂತ ಕೆಳಗೆ ಜಾರಿದರೆ ಅಲ್ಲಿಗೇ ನಿಲ್ಲಿಸುವುದು. ಅಂಕಿ ಇಳಿಯದಿದ್ದರೆ ಬಾಟಲಿ ಬೇಡ. ಇಳಿದರೆ, ಇಳಿದಷ್ಟನ್ನು ದಿನವೂ ಸ್ವಲ್ಪಸ್ವಲ್ಪವಾಗಿ ತುಂಬುವುದು. ಬಾಟಲಿಯಿಂದ ತುಂಬಿದರೂ ಸರಿ, ಸೋಡಾ ಡಬ್ಬಿಯಿಂದ ತುಂಬಿದರೂ ಸರಿ. ಹವಳಕ್ಕೆ ಬ್ರ್ಯಾಂಡ್ ಓದಲು ಬರುವುದಿಲ್ಲ.

ಯಾವ ನಿರ್ಧಾರವನ್ನೂ ಅಳೆದೂ ಸುರಿದೂ ಮಾಡು ಎಂದು ಕನ್ನಡದ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನಲ್ಲಿ ಅಳೆಯುವುದು ಮೊದಲು ಬರುತ್ತದೆ.