ಮಧ್ಯಯುಗ ಎಂಬ ಹೆಸರು

ಯುರೋಪಿನ ಚರಿತ್ರೆಯಲ್ಲಿ ಪ್ರಾಚೀನ ಕಾಲಕ್ಕೂ ಆಧುನಿಕ ಕಾಲಕ್ಕೂ ನಡುವಿನ ಸುಮಾರು ಸಾವಿರ ವರ್ಷಗಳಿಗೆ ಮಧ್ಯಯುಗ ಎಂದು ಹೆಸರು. ಪಶ್ಚಿಮ ರೋಮಿನ ಸಾಮ್ರಾಟ ಪದಚ್ಯುತನಾದ ಕ್ರಿ.ಶ. 476 ಅದರ ಆರಂಭವೆಂಬುದು ರೂಢಿ. ಅಂತ್ಯವನ್ನು ಕೆಲವರು ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ 1453 ಎನ್ನುತ್ತಾರೆ, ಕೆಲವರು ಕೊಲಂಬಸ್ ಹಡಗು ಹತ್ತಿದ 1492 ಎನ್ನುತ್ತಾರೆ. ಆ ಕಾಲದವರು ತಮ್ಮ ಯುಗವನ್ನು ಹೀಗೆ ಕರೆದುಕೊಂಡವರಲ್ಲ. ರೋಮಿನ ವೈಭವಕ್ಕೆ ಮನಸೋತ 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್‌ಗೆ ಅದರ ನಂತರದ್ದೆಲ್ಲ ಕತ್ತಲೆಯಾಗಿ ಕಂಡಿತು. 1688ರಲ್ಲಿ ಜರ್ಮನಿಯ ವಿದ್ವಾಂಸ ಸೆಲ್ಲಾರಿಯಸ್ ಮಧ್ಯಯುಗಕ್ಕೆಂದೇ ಒಂದು ಚರಿತ್ರೆ ಬರೆದು ಮೂರು ಕಾಲಗಳ ವಿಂಗಡಣೆಯನ್ನು ಗಟ್ಟಿಮಾಡಿದ. ಹುಟ್ಟಿನಲ್ಲೇ ಅಂಟಿದ ತಾತ್ಸಾರ ಪದವನ್ನು ಇಂದಿಗೂ ಬಿಟ್ಟಿಲ್ಲ. ಇದು ಅನ್ಯಾಯ. ಬೊಲೋನ್ಯ, ಪ್ಯಾರಿಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಆ ಕಾಲದವು. ಓದಲು ಮೂಗಿನ ಮೇಲೇರಿಸುವ ಕನ್ನಡಕ ಕೂಡ 13ನೇ ಶತಮಾನದ ಕೊನೆಯ ಇಟಲಿಯ ಕೊಡುಗೆ. ಭಾರತದ ಚರಿತ್ರೆಗೆ ಮೂರು ಕಾಲಗಳ ಈ ಅಳತೆಗೋಲು ವಸಾಹತು ಕಾಲದಲ್ಲಿ ಬಂತು. ಇಲ್ಲಿ ರೋಮಿನ ಪತನವಿಲ್ಲ, ಆದ್ದರಿಂದ ಗಡಿಯ ಬಗ್ಗೆ ಒಮ್ಮತವೂ ಇಲ್ಲ: ಕೆಲವರು ಗುಪ್ತರ ನಂತರವೇ ‘ಆದಿ ಮಧ್ಯಯುಗ’ ಎಂದರೆ, ಹಳೆಯ ಪಠ್ಯಗಳು ದೆಹಲಿ ಸುಲ್ತಾನರವರೆಗೆ ಕಾಯುತ್ತವೆ. ಮೊದಲ ಲೆಕ್ಕದಲ್ಲಿ ಬೇಲೂರಿನ ದೇಗುಲವೂ ಬಸವಣ್ಣನವರ ವಚನಗಳೂ ಸೇರುವುದು ಮಧ್ಯಯುಗಕ್ಕೇ. ಕ್ರೌರ್ಯವನ್ನೂ ಮೂಢನಂಬಿಕೆಯನ್ನೂ ‘ಮಧ್ಯಯುಗೀನ’ ಎಂದು ಹಳಿಯುವ ಚಾಳಿಯನ್ನು ಬರೆಯುವವರು ಬಿಡಬೇಕು.