ನಮ್ಮ ಪಾಲಿನ ಲೆಕ್ಕ



2023ರ ಡಿಸೆಂಬರ್ ತಿಂಗಳು. ಶ್ರೀರಾಮನಗರದಲ್ಲಿ ಮಹಿಳೆಯರ ವಾರದ ಕುರ್‌ಆನ್ ತರಗತಿ ಮುಗಿದಿತ್ತು. ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ನಾಟಿ ಕೂಲಿಗೆ ಹೋಗುವ ಒಬ್ಬ ಸಹೋದರಿ ನನ್ನ ಬಳಿ ಬಂದು ನಿಂತರು.

“ಆಪಾ, ಎರಡನೇ ಬೆಳಿಗೆ ಕಾಲುವ್ಯಾಗ ನೀರು ಬಿಡಂಗಿಲ್ಲಂತ್ರಿ. ನಾಟಿ ಇಲ್ಲಂದ್ರ ನಮಗ ಕೂಲಿ ಎಲ್ಲೈತ್ರಿ? ಟಿವ್ಯಾಗ ನೋಡಿದ್ರ ದುಬೈದಾಗ ದೊಡ್ಡ ದೊಡ್ಡವ್ರು ಕೂಡಿ ಹವಾಮಾನದ ಬಗ್ಗೆ ಮಾತಾಡಾಕತ್ಯಾರ. ಅವರ ಮಾತಿಗೂ ನಮ್ಮ ಕಾಲುವಿಗೂ ಏನರ ಸಂಬಂಧ ಐತೇನ್ರಿ?”

ಅಂದು ನನ್ನ ಬಳಿ ಉತ್ತರವಿರಲಿಲ್ಲ. “ಅಲ್ಲಾಹನು ದಾರಿ ತೋರಿಸುತ್ತಾನೆ” ಎಂದು ಹೇಳಿ ಕಳಿಸಿದೆ. ಅದು ಸುಳ್ಳಲ್ಲ, ಆದರೆ ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಆಗಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರವು ಬರಪೀಡಿತ ಎಂದು ಘೋಷಿಸಿತ್ತು. ಭತ್ತದ ಕಣಜವೆಂದು ಹೆಸರಾದ ನಮ್ಮ ಗಂಗಾವತಿ ಸೀಮೆಯಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಗದ್ದೆ ಒಣಗಿದರೆ ರೈತನಿಗೆ ನಷ್ಟವೆಂದು ಪತ್ರಿಕೆಗಳು ಬರೆಯುತ್ತವೆ. ನಾಟಿ ಮಾಡುವ, ಕಳೆ ಕೀಳುವ, ಅಕ್ಕಿ ಗಿರಣಿಯಲ್ಲಿ ದುಡಿಯುವ ಹೆಂಗಸರ ಕೂಲಿ ಹೋದದ್ದನ್ನು ಯಾರು ಬರೆಯುತ್ತಾರೆ?

ಆಕೆಯ ಪ್ರಶ್ನೆಗೆ ಇಂದು ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಅದಕ್ಕಾಗಿ ನಿಮ್ಮನ್ನು ಸ್ವಲ್ಪ ಹೊತ್ತು ದಿಲ್ಲಿಯ ಸಂಸತ್ತಿಗೆ ಕರೆದೊಯ್ಯಬೇಕಾಗಿದೆ.

ನಮ್ಮ ತುಂಗಭದ್ರೆಯ ತುಂಗಾ ಮತ್ತು ಭದ್ರಾ ನದಿಗಳೆರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಅದೇ ಚಿಕ್ಕಮಗಳೂರಿನಲ್ಲಿ 1954ರಲ್ಲಿ ಹುಟ್ಟಿದವರು ಜೈರಾಮ್ ರಮೇಶ್. 2009ರಿಂದ 2011ರ ವರೆಗೆ ಅವರು ಕೇಂದ್ರದ ಪರಿಸರ ಸಚಿವರಾಗಿದ್ದರು. 2016ರಿಂದ ಕರ್ನಾಟಕವನ್ನೇ ರಾಜ್ಯಸಭೆಯಲ್ಲಿ ಪ್ರತಿನಿಧಿಸುತ್ತಿದ್ದಾರೆ. ಅವರ ಪಕ್ಷ ನಿಮಗೆ ಇಷ್ಟವೋ ಇಲ್ಲವೋ ಎಂಬುದು ಇಲ್ಲಿಯ ವಿಷಯವಲ್ಲ. ನಮ್ಮ ದೇಶದ ಸಂಸತ್ತಿನಲ್ಲಿ ಹವಾಮಾನ ಬದಲಾವಣೆಯ ಮಾತು ಗಂಭೀರ ಚರ್ಚೆಯಾಗುವಂತೆ ಮಾಡಿದವರಲ್ಲಿ ಅವರು ಪ್ರಮುಖರು.

2009ರ ಡಿಸೆಂಬರ್ 3ರಂದು ಲೋಕಸಭೆಯಲ್ಲಿ ಈ ವಿಷಯದ ಮೇಲೆ ದೀರ್ಘ ಚರ್ಚೆ ನಡೆಯಿತು. ಕೋಪನ್‌ಹೇಗನ್ ನಗರದ ಜಾಗತಿಕ ಸಮ್ಮೇಳನಕ್ಕೆ ಕೆಲವೇ ದಿನಗಳಿದ್ದವು. ಉತ್ತರ ಕೊಡಲು ಎದ್ದು ನಿಂತ ಸಚಿವರು, ಹವಾಮಾನ ಬದಲಾದರೆ ಹೆಚ್ಚು ಪೆಟ್ಟು ತಿನ್ನುವ ದೇಶಗಳಲ್ಲಿ ನಾವೇ ಮುಂಚೂಣಿಯಲ್ಲಿದ್ದೇವೆ ಎಂದು ನಾಲ್ಕು ಕಾರಣಗಳನ್ನು ಮುಂದಿಟ್ಟರು. ನಮ್ಮ ಬದುಕು ಮುಂಗಾರಿನ ಮೇಲೆ ನಿಂತಿದೆ. ನಮ್ಮ ಕರಾವಳಿ ಉದ್ದವಾಗಿದೆ, ಸಮುದ್ರ ಏರಿದರೆ ಅಲ್ಲಿಯ ಜನ ಎಲ್ಲಿಗೆ ಹೋಗಬೇಕು? ಉತ್ತರದ ನದಿಗಳಿಗೆ ನೀರುಣಿಸುವ ಹಿಮಾಲಯದ ಹಿಮನದಿಗಳ ಸ್ಥಿತಿ ಕಳವಳಕಾರಿಯಾಗಿದೆ. ಇನ್ನು ಕಲ್ಲಿದ್ದಲು ಮತ್ತು ಅದಿರು ಸಿಗುವುದು ಕಾಡಿನ ಅಡಿಯಲ್ಲೇ, ತೆಗೆಯಬೇಕೆಂದರೆ ಕಾಡು ಕಡಿಯಬೇಕು.

ಸಹೋದರಿಯರೇ, ಮೊದಲನೆಯ ಕಾರಣವನ್ನು ಇನ್ನೊಮ್ಮೆ ಓದಿ. ಮುಂಗಾರು! ನಾಟಿ ಕೂಲಿಯ ಆ ಸಹೋದರಿ ಹದಿನಾಲ್ಕು ವರ್ಷಗಳ ಬಳಿಕ ಕೇಳಿದ ಪ್ರಶ್ನೆ ಅಂದೇ ಲೋಕಸಭೆಯ ಮುಂದಿತ್ತು.

ಅದೇ ದಿನ ಸಚಿವರು ಒಂದು ವಾಗ್ದಾನವನ್ನೂ ಮಾಡಿದರು. 2005ಕ್ಕೆ ಹೋಲಿಸಿದರೆ 2020ರೊಳಗೆ ದೇಶದ ಉತ್ಪಾದನೆಯ ಪ್ರತಿ ರೂಪಾಯಿಗೆ ಹೊರಬೀಳುವ ಇಂಗಾಲದ ಪ್ರಮಾಣವನ್ನು ಶೇಕಡಾ 20ರಿಂದ 25ರಷ್ಟು ತಗ್ಗಿಸುತ್ತೇವೆ ಎಂಬುದೇ ಆ ವಾಗ್ದಾನ.

ಇದೆಂಥ ಲೆಕ್ಕ ಎನ್ನುತ್ತೀರಾ? ಅಡುಗೆಮನೆಯ ಲೆಕ್ಕದಿಂದಲೇ ನೋಡೋಣ. ನಾಲ್ಕು ಜನರಿದ್ದ ಮನೆಗೆ ಸೊಸೆ ಬಂದಳು, ಮೊಮ್ಮಗು ಬಂತು. ಆಗ ಗ್ಯಾಸ್ ಸಿಲಿಂಡರ್ ಬೇಗ ಮುಗಿಯುವುದು ಸಹಜ. ಸಿಲಿಂಡರ್ ಹೆಚ್ಚು ಬೇಡ ಎನ್ನಲಾಗದು, ಹೊಟ್ಟೆಗಳು ಹೆಚ್ಚಿವೆ. ಆದರೆ ಕುಕ್ಕರ್ ಬಳಸಿ, ಬೇಳೆ ನೆನೆಸಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ ಒಂದು ತಟ್ಟೆ ಊಟಕ್ಕೆ ತಗಲುವ ಗ್ಯಾಸನ್ನು ಕಡಿಮೆ ಮಾಡಬಹುದು. ಒಟ್ಟು ಖರ್ಚು ಏರಿದರೂ ತಟ್ಟೆಯ ಲೆಕ್ಕದಲ್ಲಿ ಇಳಿಯುತ್ತದೆ. ಭಾರತ ಹೇಳಿದ್ದು ಇದನ್ನೇ. ನಮ್ಮಲ್ಲಿ ಇನ್ನೂ ಬಡತನವಿದೆ, ಒಟ್ಟು ಹೊಗೆಯನ್ನು ಇಳಿಸುತ್ತೇವೆಂದು ಅಂತಾರಾಷ್ಟ್ರೀಯ ಕಾನೂನಿನ ಕಟ್ಟಿಗೆ ಒಳಪಡಲಾರೆವು. ಆದರೆ ಯಾರೂ ಒತ್ತಾಯಿಸದಿದ್ದರೂ ನಮ್ಮ ಪಾಲಿನ ಮಿತವನ್ನು ನಾವೇ ಪಾಲಿಸುತ್ತೇವೆ.

ಅದಕ್ಕೆ ವಿರೋಧ ಬರಲಿಲ್ಲವೇ? ಬಂತು. ಶ್ರೀಮಂತ ರಾಷ್ಟ್ರಗಳು ಏನೂ ಕೊಡುವ ಮೊದಲೇ ನಾವೇಕೆ ಕೈಚಾಚಬೇಕು ಎಂದು ಹಲವರು ಕೇಳಿದರು. ಕೋಪನ್‌ಹೇಗನ್‌ನಿಂದ ಮರಳಿದ ಮೇಲೆ ಡಿಸೆಂಬರ್ 22ರಂದು ಅವರು ರಾಜ್ಯಸಭೆಯಲ್ಲಿ ಹೇಳಿಕೆ ಕೊಟ್ಟರು. ಅಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರು ಒಪ್ಪಂದವನ್ನು ಕಟುವಾಗಿ ಪ್ರಶ್ನಿಸಿದರು. ನಮ್ಮ ಕೆಲಸವನ್ನು ಹೊರಗಿನವರು ಬಂದು ತಪಾಸಣೆ ಮಾಡಿದರೆ ದೇಶದ ಸಾರ್ವಭೌಮತ್ವದ ಗತಿಯೇನು ಎಂಬುದು ವಿರೋಧಿಗಳ ಆತಂಕವಾಗಿತ್ತು. ಸಾರ್ವಭೌಮತ್ವಕ್ಕೆ ಧಕ್ಕೆ ಬರದಂತೆ ಸ್ಪಷ್ಟ ನಿಯಮಗಳಿವೆ ಎಂದು ಸಚಿವರು ಉತ್ತರಿಸಿದರು.

ಆ ಆತಂಕವನ್ನು ಹಗುರವಾಗಿ ಕಾಣಬೇಡಿ. ಅದಕ್ಕೆ ನಮ್ಮ ಭತ್ತದ ಗದ್ದೆಯೇ ಸಾಕ್ಷಿ. ನೀರು ನಿಂತ ಗದ್ದೆಯಿಂದ ಮೀಥೇನ್ ಎಂಬ ಅನಿಲ ಏಳುತ್ತದೆ, ಅದೂ ಭೂಮಿಯನ್ನು ಬಿಸಿ ಮಾಡುತ್ತದೆ. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂಸ್ಥೆಯೊಂದು ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಏಳುತ್ತದೆಂದು ಅಂದಾಜಿಸಿತ್ತು. ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ಗದ್ದೆಗಿಳಿದು ಅಳೆದಾಗ ಅದು ಸುಮಾರು 40 ಲಕ್ಷ ಟನ್ ಮಾತ್ರ! ಒಂಬತ್ತು ಪಟ್ಟು ಹೆಚ್ಚಿನ ಆರೋಪ ಬಡ ರೈತನ ತಲೆಯ ಮೇಲೆ ಬಿದ್ದಿತ್ತು. ಲೆಕ್ಕವನ್ನು ಬೇರೆಯವರ ಕೈಗೆ ಕೊಟ್ಟರೆ ಹೀಗಾಗುತ್ತದೆ.

ಆದ್ದರಿಂದ ರಮೇಶ್ ಅವರ ಕಾಲದ ಒಂದು ಕೆಲಸವನ್ನು ನಾನು ಭಾಷಣಗಳಿಗಿಂತ ಮಿಗಿಲೆಂದು ಎಣಿಸುತ್ತೇನೆ. ನಮ್ಮ ದೇಶದ ವಿಜ್ಞಾನಿಗಳ ಜಾಲವೊಂದನ್ನು ಕಟ್ಟಿ, 2007ನೇ ವರ್ಷದ ಹೊಗೆಯ ಪೂರ್ಣ ಲೆಕ್ಕವನ್ನು 2010ರ ಮೇ ತಿಂಗಳಲ್ಲಿ ಜನರ ಮುಂದಿಟ್ಟರು. ಅದಕ್ಕೆ ಮುಂಚೆ ಇದ್ದದ್ದು 1994ರ ಲೆಕ್ಕ. ತನ್ನ ತಪ್ಪಿನ ಲೆಕ್ಕವನ್ನು ತಾನೇ ಬರೆದಿಡುವವನ ಮೇಲೆ ಇತರರು ಸುಳ್ಳು ಹೊರಿಸುವುದು ಕಷ್ಟ.

ವಾಗ್ದಾನ ಏನಾಯಿತು? 2005ರಿಂದ 2016ರ ಹೊತ್ತಿಗೇ ಶೇಕಡಾ 24ರಷ್ಟು ಇಳಿಕೆಯಾಗಿದೆ ಎಂದು ಮುಂದೆ ಬಂದ ಬೇರೆ ಪಕ್ಷದ ಸರಕಾರವೇ ವಿಶ್ವಸಂಸ್ಥೆಗೆ ವರದಿ ಕೊಟ್ಟಿತು. 2022ರಲ್ಲಿ ಅದು ಗುರಿಯನ್ನು ಇನ್ನೂ ಎತ್ತರಿಸಿ, 2030ರೊಳಗೆ ಶೇಕಡಾ 45 ಎಂದು ಹೇಳಿತು. ಒಬ್ಬರು ಸದನದಲ್ಲಿ ಕೊಟ್ಟ ಮಾತನ್ನು ಅವರ ಎದುರಾಳಿಗಳು ಮುಂದುವರಿಸಿದರು. ರಾಜಕೀಯದಲ್ಲಿ ಇಂಥದ್ದು ಅಪರೂಪ.

ಇದನ್ನೆಲ್ಲ ಓದುವಾಗ ಪ್ರವಾದಿವರ್ಯರು(ಸ) ಹೇಳಿದ ಹಡಗಿನ ಉಪಮೆ ನನಗೆ ನೆನಪಾಗುತ್ತದೆ. ಒಂದೇ ಹಡಗಿನಲ್ಲಿ ಕೆಲವರು ಮೇಲಂತಸ್ತಿನಲ್ಲಿ, ಕೆಲವರು ಕೆಳಗೆ. ಕೆಳಗಿನವರು ನೀರಿಗಾಗಿ ಪದೇ ಪದೇ ಮೇಲೆ ಹೋಗಬೇಕಾದ್ದರಿಂದ, ತಮ್ಮ ಭಾಗದಲ್ಲೇ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ಇಂದಿನ ಹಡಗಿನಲ್ಲಿ ಹೆಚ್ಚು ತೂತು ಕೊರೆದವರು ಮೇಲಂತಸ್ತಿನವರು, ಶ್ರೀಮಂತ ದೇಶಗಳು. ನೀರು ಮೊದಲು ನುಗ್ಗುವುದು ಮಾತ್ರ ಕೆಳಗೆ ಕುಳಿತವರ ಕಾಲಡಿಗೆ. ಆದರೂ ಅವರು ಕೊರೆದರಲ್ಲಾ, ನಾವೂ ಕೊರೆಯೋಣ ಎನ್ನಲು ಸಾಧ್ಯವೇ? ನ್ಯಾಯವನ್ನೂ ಕೇಳಬೇಕು, ನಮ್ಮ ಕೈಯಲ್ಲಿರುವ ಬೈರಿಗೆಯನ್ನೂ ಕೆಳಗಿಡಬೇಕು. 2009ರ ಆ ಮಾತಿನ ಸಾರವೂ ಇದೇ ಎಂದು ನನಗೆ ಅನಿಸುತ್ತದೆ.

ಇನ್ನು ನಮ್ಮ ನದಿಗೆ ಬರೋಣ. 2010ರ ಮಾರ್ಚ್‌ನಲ್ಲಿ ಸಚಿವರು ಪಶ್ಚಿಮ ಘಟ್ಟಗಳ ಅಧ್ಯಯನಕ್ಕೆ ಮಾಧವ ಗಾಡ್ಗೀಳರ ಸಮಿತಿಯನ್ನು ನೇಮಿಸಿದರು. ವರದಿ 2011ರಲ್ಲಿ ಬಂತು, ಆಗ ರಮೇಶ್ ಆ ಖಾತೆಯಲ್ಲಿ ಇರಲಿಲ್ಲ. ಅದು ತೀರಾ ಕಠಿಣವೆಂದು ಎಲ್ಲ ಕಡೆಯಿಂದ ಕೂಗೆದ್ದಿತು. ಕಸ್ತೂರಿರಂಗನ್ ಸಮಿತಿ ಅದನ್ನು ಸಡಿಲಿಸಿತು. ಆ ಸಡಿಲಾದ ವರದಿಯನ್ನೂ 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತಿರಸ್ಕರಿಸಿತು. ಅಂದು ರಾಜ್ಯದಲ್ಲಿದ್ದದ್ದು ರಮೇಶ್ ಅವರ ಪಕ್ಷದ್ದೇ ಸರಕಾರ! ಮಲೆನಾಡಿನ ಜನರಿಗೂ ತಮ್ಮ ಜಮೀನು, ಮನೆಗಳ ಭಯವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಘಟ್ಟದ ಕಾಡು ನಮ್ಮ ನೀರಿನ ಹಗೇವು. ಮೇಲಿನ ಮಣ್ಣು ಕೊಚ್ಚಿ ಬಂದು ತುಂಬಿದ ಹೂಳಿನಿಂದ ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ನಮ್ಮ ಜಲಾಶಯ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಮಾತು ದಿಲ್ಲಿಯಲ್ಲಿ ಒಂದು, ಬೆಂಗಳೂರಿನಲ್ಲಿ ಇನ್ನೊಂದಾದರೆ ಅದರ ಬೆಲೆ ತೆರುವವರು ಕಾಲುವೆಯ ಕೊನೆಯವರು.

ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ತಪ್ಪು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುವುದನ್ನು ಜನ ನೋಡುತ್ತ ನಿಂತರು. ಅದು ಮುಂಗಾರಿನ ತಪ್ಪಲ್ಲ. ಮಳೆ ನಂಬುವಂತಿಲ್ಲದ ಕಾಲದಲ್ಲಿ ಸಿಕ್ಕ ನೀರನ್ನು ಕಾಯುವುದು ಇನ್ನೂ ದೊಡ್ಡ ಅಮಾನತ್ ಎಂಬುದು ಅದರ ಪಾಠ.

ಸದನದಲ್ಲಿ ಚರ್ಚೆಯೇ ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿ ಬಂತು. ಆಗ ರಮೇಶ್ ಅವರು ಪರಿಸರ ವಿಷಯದ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರು. ಮಸೂದೆಯನ್ನು ತಮ್ಮ ಸಮಿತಿಗೆ ಕಳಿಸದೆ ಬೇರೊಂದು ಜಂಟಿ ಸಮಿತಿಗೆ ಒಪ್ಪಿಸಿದ್ದನ್ನು ಅವರು ಬಲವಾಗಿ ಆಕ್ಷೇಪಿಸಿದರು. ಜುಲೈ 26ರಂದು ಲೋಕಸಭೆಯಲ್ಲಿ, ಆಗಸ್ಟ್ 2ರಂದು ರಾಜ್ಯಸಭೆಯಲ್ಲಿ ಅದು ಅಂಗೀಕಾರವಾಯಿತು. ಮಣಿಪುರದ ವಿಚಾರವಾಗಿ ಸಂಸತ್ತು ಗದ್ದಲದಲ್ಲಿದ್ದ ದಿನಗಳವು. ಕಾಡಿನ ಭವಿಷ್ಯದ ಬಗ್ಗೆ ಸಾವಧಾನದ ಚರ್ಚೆಗೆ ಅವಕಾಶವೇ ಆಗಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ವುಝೂ ಮಾಡುವಾಗ ನಲ್ಲಿ ಸಣ್ಣಗೆ ತಿರುಗಿಸಿರಿ. ಹರಿಯುವ ಹೊಳೆಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ವಲೀಮದಲ್ಲಿ ತಟ್ಟೆತಟ್ಟೆ ಬಿರಿಯಾನಿ ಕಸಕ್ಕೆ ಹೋಗುವುದನ್ನು ನಿಲ್ಲಿಸಿರಿ. ಒಂದು ಕಿಲೋ ಅಕ್ಕಿಯ ಹಿಂದೆ ಸಾವಿರಾರು ಲೀಟರ್ ಕಾಲುವೆ ನೀರಿದೆ, ಬಾಗಿದ ಹೆಂಗಸರ ಬೆನ್ನಿದೆ. ನಮ್ಮ ನಲ್ಲಿಯ ಉಳಿತಾಯದಿಂದ ಜಲಾಶಯ ತುಂಬುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ತನ್ನ ಪಾಲಿನ ಲೆಕ್ಕ ಸರಿ ಇಟ್ಟುಕೊಂಡವರಿಗೆ ಇತರರ ಲೆಕ್ಕ ಕೇಳುವ ಬಾಯಿ ಇರುತ್ತದೆ.

ಆ ಬಾಯಿಯನ್ನು ಬಳಸಿರಿ. ಸಂಸತ್ತು ಸೇರಿದಾಗ ಪ್ರಶ್ನೋತ್ತರ ವೇಳೆ ಇರುತ್ತದೆ. ಯಾವ ಸದಸ್ಯರೂ ಸಚಿವರನ್ನು ಪ್ರಶ್ನಿಸಬಹುದು. ಕೊಪ್ಪಳದ ಲೋಕಸಭಾ ಸದಸ್ಯರು ಮತ ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿರಿ: ನೀರು ನಿಂತ ವರ್ಷ ಕೂಲಿ ಕಳೆದುಕೊಳ್ಳುವ ಹೆಂಗಸರ ಬಗ್ಗೆ ನೀವು ಸದನದಲ್ಲಿ ಎಷ್ಟು ಸಲ ಎದ್ದು ನಿಂತಿರಿ? ನಮ್ಮ ಜಲಾಶಯದ ಹೂಳಿನ ಬಗ್ಗೆ ಏನು ಕೇಳಿದಿರಿ? ಒಬ್ಬರಿಗೆ ಧೈರ್ಯ ಸಾಲದಿದ್ದರೆ ಸ್ವಸಹಾಯ ಸಂಘದ ಹತ್ತು ಜನ ಸೇರಿ ಒಂದು ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಚಪ್ಪಲಿ ಹುಡುಕುವ ಗದ್ದಲದಲ್ಲಿ ನನ್ನನ್ನು ಪ್ರಶ್ನಿಸಿದ ಆ ಸಹೋದರಿಗೆ ನನ್ನ ಉತ್ತರ ಇಷ್ಟು: ಸಂಬಂಧ ಇದೆ ತಂಗಿ, ಖಂಡಿತ ಇದೆ. ಅಲ್ಲಿ ನಮ್ಮ ಹೆಸರಿನಲ್ಲಿ ಮಾತು ಕೊಡುತ್ತಾರೆ. ಅದರ ಲೆಕ್ಕ ಕೇಳಬೇಕಾದವರು ನಾವು.

ನಮ್ಮ ಕೈಗಿತ್ತ ಈ ಭೂಮಿಯ ಅಮಾನತನ್ನು ಕೆಡದಂತೆ ಮರಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.